ದನ ಹೊಡೆದವರು ಯಾರು? ಬೆಳವಡಿ ಮಲ್ಲಮ್ಮನ ಎರಡು ಕಥೆ

ಮೊದಲೇ ಒಂದು ಮಾತು. ಶಿವಾಜಿ ಮತ್ತು ಮಲ್ಲಮ್ಮನ ಕಲ್ಲು ನೋಡಲು ಹೊರಟವರು ನಮ್ಮ ಮೂಡಲಗಿ ತಾಲೂಕಿನ ಯಾದವಾಡಕ್ಕೆ ಹೋಗಬೇಡಿ. ಕಲ್ಲು ಇರುವುದು ಧಾರವಾಡ ತಾಲೂಕಿನ ಯಾದವಾಡದಲ್ಲಿ. ಹೆಸರು ಒಂದೇ, ಊರು ಎರಡು. ಮಲ್ಲಮ್ಮನ ವಿಷಯದಲ್ಲಿ ಇದು ಉಲ್ಟಾ: ಹೆಣ್ಣುಮಗಳು ಒಬ್ಬಳೇ, ಹೆಸರು ಎರಡು.

ನಮ್ಮ ಕಡೆಯ ಕಥೆ ನಿಮಗೆ ಗೊತ್ತೇ ಇದೆ. ಸೋದೆಯ ಮಗಳು ಮಲ್ಲಮ್ಮ, ಬೈಲಹೊಂಗಲ ಹತ್ತಿರದ ಬೆಳವಡಿಯ ಈಶಪ್ರಭು ದೇಸಾಯಿಯ ಹೆಂಡತಿ. ದಕ್ಷಿಣದ ದಂಡಯಾತ್ರೆ ಮುಗಿಸಿ ಬರುತ್ತಿದ್ದ ಮರಾಠಾ ಸೈನಿಕರು ಹಾಲು ಕೇಳಿದರು, ಸಿಗದಿದ್ದಾಗ ದನ ಹೊಡೆದುಕೊಂಡು ಹೋದರು. ಯುದ್ಧವಾಯಿತು. ಗಂಡ ಸತ್ತ ಮೇಲೆ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿಕೊಂಡು ಕಾದಾಡಿದಳು. ಕೊನೆಗೆ ಶಿವಾಜಿ ಆಕೆಯನ್ನು ಗೌರವಿಸಿ ಸಂಸ್ಥಾನ ಮರಳಿಸಿದ.

ಮರಾಠಿ ಕಡೆಯ ಕಥೆಯಲ್ಲಿ ಆಕೆ ಸಾವಿತ್ರಿಬಾಯಿ. ಅಲ್ಲಿಯೂ ಜಗಳ ಜಾನುವಾರಿನದ್ದೇ. ಆದರೆ ಸೈನ್ಯದ ಸಾಮಾನು ಹೊರುವ ಎತ್ತುಗಳನ್ನು ಹೊಡೆದವರು ಬೆಳವಡಿಯವರು! ಸೆರೆಸಿಕ್ಕ ಆಕೆಯನ್ನು ಕೆಡಿಸಿದ ತನ್ನ ಸರದಾರನಿಗೇ ಶಿವಾಜಿ ಕಠಿಣ ಶಿಕ್ಷೆ ಕೊಟ್ಟನೆಂದೂ ಆ ಕಥೆ ಹೇಳುತ್ತದೆ. ನವೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಈ ಎರಡು ಕಥೆಗಳದ್ದೇ ಕುಸ್ತಿ. ನಾವೂ ಅದರಲ್ಲಿ ಇಳಿದವರೇ.

ಇಬ್ಬರಿಗೂ ಸೇರದ ಒಂದು ಸಾಕ್ಷಿ ಇದೆ. ಕೊಂಕಣದ ರಾಜಾಪುರದಲ್ಲಿ ಕೋಠಿ ಇಟ್ಟಿದ್ದ ಇಂಗ್ಲಿಷ್ ವ್ಯಾಪಾರಿಗಳು 1678ರ ಫೆಬ್ರವರಿಯಲ್ಲಿ ಒಂದು ಪತ್ರ ಬರೆದರು. ಎಷ್ಟೋ ರಾಜ್ಯ ಗೆದ್ದ ಶಿವಾಜಿಗೆ ಒಬ್ಬ ದೇಸಾಯಿ ಹೆಂಗಸನ್ನು ಮಣಿಸಲು ಆಗುತ್ತಿಲ್ಲ ಎಂಬುದು ಅದರ ಸುದ್ದಿ. ತಿಳಿಸಿದವರು ಶಿವಾಜಿಯ ಕಡೆಯವರೇ. ಮುತ್ತಿಗೆ 27 ದಿನ ನಡೆಯಿತೆಂದು ಇತಿಹಾಸಕಾರ ಜದುನಾಥ ಸರ್ಕಾರ್ ಬರೆದಿದ್ದಾರೆ. ಎತ್ತು ಯಾರು ಹೊಡೆದರೋ ಬಿಡಿ, ಮಣ್ಣಿನ ಸಣ್ಣ ಕೋಟೆಯಲ್ಲಿ ನಿಂತು ಆಕೆ ಅಷ್ಟು ದೊಡ್ಡ ಸೈನ್ಯವನ್ನು ತಡೆದದ್ದು ನಿಜ. ನಮಗೆ ಮುಖ್ಯವಾದದ್ದು ಇದು.

ಯುರೋಪಿನ ಹಳೆಯ ಕಥೆಗಳಲ್ಲಿ ಬ್ರುನ್‌ಹಿಲ್ಡ್ ಎಂಬ ವೀರನಾರಿ ಇದ್ದಾಳೆ. ಆಕೆಗೂ ಎರಡು ಕಥೆ. ಉತ್ತರದವರ ಹಾಡುಗಳಲ್ಲಿ ದೇವರ ಶಾಪದಿಂದ ಬೆಂಕಿಯ ಸುತ್ತಿನೊಳಗೆ ಮಲಗಿದ ಯೋಧೆ. ಸುಮಾರು 1200ರ ಜರ್ಮನ್ ಕಾವ್ಯದಲ್ಲಿ ಈಟಿ ಎಸೆದು, ಬಂಡೆಗಲ್ಲು ತೂರಿ ಗಂಡಸರನ್ನು ಸೋಲಿಸುವ ರಾಣಿ. ಆಕೆಯನ್ನು ಗೆದ್ದದ್ದು ಮೋಸದಿಂದ. 613ರಲ್ಲಿ ಕೊಲೆಯಾದ ಫ್ರಾಂಕರ ರಾಣಿ ಬ್ರುನ್‌ಹಿಲ್ಡಾಳ ನೆನಪು ಆ ಕಥೆಯೊಳಗೆ ಸೇರಿರಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಅಷ್ಟೇ. ನಮ್ಮವಳ ಹೋರಾಟಕ್ಕೆ ಅದೇ ತಿಂಗಳ ಪತ್ರ ಇದೆ. ಅದರಲ್ಲಿ ಹೆಸರು ಬರೆಯಲಿಲ್ಲ ಎಂಬುದೊಂದೇ ನಮ್ಮ ತಕರಾರು.

ಯಾದವಾಡದ ಕಲ್ಲಿನ ಮೇಲ್ಭಾಗದಲ್ಲಿ ಕುದುರೆ ಏರಿದ ಶಿವಾಜಿ. ಕೆಳಗೆ ಆತ ಮಲ್ಲಮ್ಮನ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹಾಲು ಕುಡಿಸುತ್ತಿದ್ದಾನೆ ಎಂದು ಹೇಳುತ್ತಾರೆ. ಹಾಲಿಗಾಗಿ ಶುರುವಾದ ಜಗಳ!

ಗೋಕಾಕ, ಮೂಡಲಗಿಯವರು ಯರಗಟ್ಟಿ ಮೇಲೆ, ಹುಕ್ಕೇರಿಯವರು ಬೆಳಗಾವಿ ಮೇಲೆ ಬೈಲಹೊಂಗಲಕ್ಕೆ ಹೋದರೆ ಬೆಳವಡಿ ಹತ್ತಿರ. ಫೋನಿನಲ್ಲಿ ಹುಡುಕುವಾಗ ಬೈಲಹೊಂಗಲ ಎಂದೂ ಸೇರಿಸಿ. ಚಿಕ್ಕಮಗಳೂರಿನಲ್ಲಿಯೂ ಒಂದು ಬೆಳವಡಿ ಇದೆ.