ಅಡುಗೆ ಕಲೆಯ ಕೋರ್ಸುಗಳು: ಪ್ರವೇಶಕ್ಕೆ ಮುನ್ನ ವಿದ್ಯಾರ್ಥಿಗಳು ಮತ್ತು ಪೋಷಕರು ತಿಳಿಯಬೇಕಾದ ಅಂಶಗಳು

ಪೀಠಿಕೆ

ಬೆಂಗಳೂರಿನ ಎಂ.ಟಿ.ಆರ್. (1924), ವಿದ್ಯಾರ್ಥಿ ಭವನ (1943) ಮುಂತಾದ ಉಪಾಹಾರ ಗೃಹಗಳು ಹಾಗೂ ನಾಡಿನ ಹೊರಗೂ ಹರಡಿರುವ ಉಡುಪಿ ಹೋಟೆಲುಗಳು ಕರ್ನಾಟಕದ ಅಡುಗೆಗೆ ಹೆಸರು ತಂದಿವೆ. ಈ ವೃತ್ತಿಯನ್ನು ಬಹುಕಾಲ ಹಿರಿಯ ಅಡುಗೆಯವರ ಕೈಕೆಳಗೆ ದುಡಿದೇ ಕಲಿಯಲಾಗುತ್ತಿತ್ತು. ಇಂದು ತಾರಾ ಹೋಟೆಲುಗಳು, ವಿಮಾನಗಳಿಗೆ ಆಹಾರ ಪೂರೈಸುವ ಸಂಸ್ಥೆಗಳು, ಆಸ್ಪತ್ರೆಗಳು ಮತ್ತು ಪ್ರವಾಸಿ ಹಡಗುಗಳು ಅನುಭವದೊಂದಿಗೆ ಪ್ರಮಾಣಪತ್ರವನ್ನೂ ಕೇಳುತ್ತವೆ. ಆದ್ದರಿಂದ ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿದ ಅನೇಕರು ಈ ಶಿಕ್ಷಣದತ್ತ ಒಲವು ತೋರುತ್ತಿದ್ದಾರೆ.

ಮಾನ್ಯತೆಯಿಲ್ಲದ ಕೋರ್ಸಿಗೆ ಸೇರಿದಲ್ಲಿ ಶುಲ್ಕದ ಹಣ ಮಾತ್ರವಲ್ಲದೆ ವಿದ್ಯಾರ್ಥಿಯ ಅಮೂಲ್ಯವಾದ ಒಂದೆರಡು ವರ್ಷಗಳೂ ನಷ್ಟವಾಗುತ್ತವೆ. ಸಾಲ ಮಾಡಿ ಓದಿಸುವ ಕುಟುಂಬಕ್ಕೆ ಈ ನಷ್ಟವನ್ನು ಭರಿಸುವುದು ಕಷ್ಟಸಾಧ್ಯ. ಈ ಹಿನ್ನೆಲೆಯಲ್ಲಿ, ಕೋರ್ಸನ್ನು ಆಯ್ಕೆ ಮಾಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಅಡುಗೆ ಕಲೆಯೇ ಅಥವಾ ಹೋಟೆಲ್ ನಿರ್ವಹಣೆಯೇ?

ಇವೆರಡೂ ಒಂದೇ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಹೋಟೆಲ್ ನಿರ್ವಹಣೆಯ ಪದವಿಯಲ್ಲಿ ಆಹಾರ ತಯಾರಿಕೆ, ಆಹಾರ ಮತ್ತು ಪಾನೀಯ ಸೇವೆ, ಫ್ರಂಟ್ ಆಫೀಸ್ ಹಾಗೂ ಹೌಸ್‌ಕೀಪಿಂಗ್ ಎಂಬ ನಾಲ್ಕು ವಿಭಾಗಗಳನ್ನೂ ಕಲಿಸಲಾಗುತ್ತದೆ. ಇದರಲ್ಲಿ ಅಡುಗೆಮನೆಯ ಪಾಲು ಒಂದು ಭಾಗ ಮಾತ್ರ. ಆಹಾರ ತಯಾರಿಕೆಯ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಕೋರ್ಸುಗಳಲ್ಲಿ ಬಹುಪಾಲು ಸಮಯ ಒಲೆಯ ಮುಂದೆಯೇ ಕಳೆಯುತ್ತದೆ. ಬಾಣಸಿಗನಾಗುವುದೊಂದೇ ಗುರಿಯಾಗಿರುವವರು ಕಡಿಮೆ ಅವಧಿಯ ಕೋರ್ಸನ್ನು ಕೀಳೆಂದು ಭಾವಿಸಬೇಕಾಗಿಲ್ಲ. ಮುಂದೆ ಆಡಳಿತ ಹುದ್ದೆ ಅಥವಾ ಉನ್ನತ ವ್ಯಾಸಂಗವನ್ನು ಬಯಸುವವರಿಗೆ ಪದವಿಯೇ ಸೂಕ್ತ.

2. ಲಭ್ಯವಿರುವ ಪ್ರಮುಖ ಮಾರ್ಗಗಳು

ಅ) ಕೈಗಾರಿಕಾ ತರಬೇತಿ ಸಂಸ್ಥೆ (ಐ.ಟಿ.ಐ.): ಫುಡ್ ಪ್ರೊಡಕ್ಷನ್ (ಜನರಲ್) ವೃತ್ತಿಯ ಅವಧಿ 1 ವರ್ಷ. 10ನೇ ತರಗತಿಯಲ್ಲಿ ತೇರ್ಗಡೆಯಾದವರು ಅರ್ಹರು. ಯಶಸ್ವಿಯಾಗಿ ಪೂರೈಸಿದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ತದನಂತರ 1961ರ ಶಿಶಿಕ್ಷು ಅಧಿನಿಯಮದ ಅನ್ವಯ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್ ತರಬೇತಿ ಪಡೆಯಲು ಅವಕಾಶವಿದೆ.

ಆ) ರಾಷ್ಟ್ರೀಯ ಹೋಟೆಲ್ ನಿರ್ವಹಣಾ ಮಂಡಳಿಯ ಕೋರ್ಸುಗಳು: 1982ರಲ್ಲಿ ಸ್ಥಾಪಿತವಾದ ಈ ಮಂಡಳಿಯ ಅಡಿಯಲ್ಲಿ 10ನೇ ತರಗತಿಯ ನಂತರ ಆಹಾರ ತಯಾರಿಕೆಯ ಸರ್ಟಿಫಿಕೇಟ್ ಕೋರ್ಸ್ ಹಾಗೂ 12ನೇ ತರಗತಿಯ ನಂತರ ಆಹಾರ ತಯಾರಿಕೆಯ ಡಿಪ್ಲೊಮಾ ಲಭ್ಯವಿವೆ. ಇವುಗಳ ಅವಧಿ ಕೈಗಾರಿಕಾ ತರಬೇತಿಯೂ ಸೇರಿದಂತೆ ಸುಮಾರು ಒಂದೂವರೆ ವರ್ಷ. ಎಲ್ಲ ಸಂಸ್ಥೆಗಳಲ್ಲಿಯೂ ಎಲ್ಲ ಕೋರ್ಸುಗಳು ಇರುವುದಿಲ್ಲವಾದ್ದರಿಂದ ಆಯಾ ಸಂಸ್ಥೆಯಲ್ಲಿಯೇ ವಿಚಾರಿಸತಕ್ಕದ್ದು.

ಇ) ಪದವಿ: ಬೆಂಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯೂ ಸೇರಿದಂತೆ ಮಂಡಳಿಯ ಸಂಸ್ಥೆಗಳಲ್ಲಿ 3 ವರ್ಷಗಳ ಬಿ.ಎಸ್ಸಿ. ಪದವಿ ಇದೆ. ಇಂಗ್ಲಿಷ್ ಒಂದು ವಿಷಯವಾಗಿರುವಂತೆ 12ನೇ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. 2019ರಿಂದ ಇದರ ಜಂಟಿ ಪ್ರವೇಶ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ನಡೆಸುತ್ತಿದೆ. ಇದಲ್ಲದೆ ವಿಶ್ವವಿದ್ಯಾಲಯಗಳ ಸಂಯೋಜಿತ ಕಾಲೇಜುಗಳಲ್ಲಿಯೂ ಹೋಟೆಲ್ ನಿರ್ವಹಣೆಯ ಪದವಿ ಕೋರ್ಸುಗಳಿವೆ.

ಈ) ಈಗಾಗಲೇ ಕೆಲಸದಲ್ಲಿರುವವರಿಗೆ: ಹೋಟೆಲುಗಳಲ್ಲಿ ದುಡಿದು ಅಡುಗೆ ಕಲಿತವರು ತಮ್ಮ ಕೌಶಲ್ಯದ ಮೌಲ್ಯಮಾಪನ ಮಾಡಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯನ್ನು 2015ರಲ್ಲಿ ಆರಂಭಗೊಂಡ ಪ್ರಧಾನ ಮಂತ್ರಿ ಕೌಶಲ್ ವಿಕಾಸ್ ಯೋಜನೆಯಲ್ಲಿ ಕಲ್ಪಿಸಲಾಗಿದೆ. ಇಂತಹವರು ಕೆಲಸ ಬಿಟ್ಟು ಮೊದಲಿನಿಂದ ಕಲಿಯುವ ಮುನ್ನ ಈ ಅವಕಾಶವನ್ನು ವಿಚಾರಿಸುವುದು ಒಳ್ಳೆಯದು.

3. ಮಾನ್ಯತೆಯ ಪರಿಶೀಲನೆ

"ಅಂತಾರಾಷ್ಟ್ರೀಯ ಮಟ್ಟದ ಡಿಪ್ಲೊಮಾ", "ಶೇಕಡಾ ನೂರರಷ್ಟು ಉದ್ಯೋಗ" ಎಂಬ ಜಾಹೀರಾತುಗಳು ಮಾನ್ಯತೆಗೆ ಸಾಕ್ಷಿಯಾಗುವುದಿಲ್ಲ. ಅಂತಿಮ ಪ್ರಮಾಣಪತ್ರವನ್ನು ಯಾರು ನೀಡುತ್ತಾರೆ, ಅದರ ಮೇಲೆ ಯಾರ ಹೆಸರಿರುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯತಕ್ಕದ್ದು. ಕಳೆದ ಸಾಲಿನ ಪ್ರಮಾಣಪತ್ರದ ಮಾದರಿಯನ್ನೂ ನೋಡಬಹುದು.

ಐ.ಟಿ.ಐ.ಗಳಲ್ಲಿ ಸಂಯೋಜನೆಯನ್ನು ವೃತ್ತಿವಾರು ನೀಡಲಾಗುತ್ತದೆ. ಫಿಟ್ಟರ್ ವೃತ್ತಿಗೆ ಸಂಯೋಜನೆ ಪಡೆದ ಸಂಸ್ಥೆಗೆ ಫುಡ್ ಪ್ರೊಡಕ್ಷನ್ ವೃತ್ತಿಗೂ ಅದು ಇದೆಯೆಂದು ಭಾವಿಸಬಾರದು. ಪದವಿಯಾದಲ್ಲಿ, 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಅಧಿನಿಯಮದಂತೆ ಪದವಿ ನೀಡುವ ಅಧಿಕಾರ ವಿಶ್ವವಿದ್ಯಾಲಯಗಳಿಗೆ ಹಾಗೂ ಕಾನೂನಿನ ಮೂಲಕ ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಇರುತ್ತದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ.

4. ಅಡುಗೆಮನೆಯನ್ನು ನೋಡದೆ ಸೇರಬೇಡಿ

ಕಟ್ಟಡದ ಅಂದಕ್ಕಿಂತ ತರಬೇತಿ ಅಡುಗೆಮನೆಯ ಸ್ಥಿತಿ ಮುಖ್ಯ. ಸಾಧ್ಯವಾದಲ್ಲಿ ಪ್ರಾಯೋಗಿಕ ತರಗತಿ ನಡೆಯುವ ದಿನವೇ ಭೇಟಿ ನೀಡಿ ಕೆಳಕಂಡ ಅಂಶಗಳನ್ನು ಗಮನಿಸುವುದು:

• ಒಂದು ಒಲೆಗೆ ಎಷ್ಟು ವಿದ್ಯಾರ್ಥಿಗಳು? ಪ್ರತಿಯೊಬ್ಬರೂ ಸ್ವತಃ ಅಡುಗೆ ಮಾಡುತ್ತಾರೆಯೇ, ಅಥವಾ ಬೋಧಕರು ಮಾಡುವುದನ್ನು ನೋಡಿ ಬರೆದುಕೊಳ್ಳುತ್ತಾರೆಯೇ?
• ವಾರಕ್ಕೆ ಎಷ್ಟು ಗಂಟೆ ಪ್ರಾಯೋಗಿಕ ತರಗತಿ ಇದೆ?
• ಬೋಧಕರಿಗೆ ಹೋಟೆಲ್ ಅಡುಗೆಮನೆಯಲ್ಲಿ ದುಡಿದ ಅನುಭವವಿದೆಯೇ?
• ಹಸಿ ಮಾಂಸ ಮತ್ತು ಬೇಯಿಸಿದ ಆಹಾರವನ್ನು ಪ್ರತ್ಯೇಕವಾಗಿ ಇರಿಸಲಾಗಿದೆಯೇ? ಕೈ ತೊಳೆಯುವ ವ್ಯವಸ್ಥೆ, ಅಗ್ನಿಶಾಮಕ ಉಪಕರಣ ಹಾಗೂ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇವೆಯೇ?
• ಕೈಗಾರಿಕಾ ತರಬೇತಿಗೆ ಯಾವ ಹೋಟೆಲುಗಳಿಗೆ ಕಳುಹಿಸಲಾಗುತ್ತದೆ?

ಕಳೆದ ಸಾಲಿನಲ್ಲಿ ತೇರ್ಗಡೆಯಾದ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಖುದ್ದಾಗಿ ಮಾತನಾಡಿಸಿದಲ್ಲಿ ಉದ್ಯೋಗದ ವಾಸ್ತವ ಚಿತ್ರಣ ದೊರೆಯುತ್ತದೆ.

5. ಒಟ್ಟು ವೆಚ್ಚದ ಲೆಕ್ಕ

ವಾರ್ಷಿಕ ಬೋಧನಾ ಶುಲ್ಕವನ್ನು ಮಾತ್ರ ನೋಡಿ ನಿರ್ಧರಿಸುವುದು ಸೂಕ್ತವಲ್ಲ. ಸಮವಸ್ತ್ರ, ಚಾಕುಗಳ ಸೆಟ್, ಸುರಕ್ಷತಾ ಬೂಟು, ಅಡುಗೆ ಸಾಮಗ್ರಿಗಳ ಶುಲ್ಕ, ಪರೀಕ್ಷಾ ಶುಲ್ಕ, ವಿದ್ಯಾರ್ಥಿ ನಿಲಯ ಹಾಗೂ ತರಬೇತಿಯ ಅವಧಿಯಲ್ಲಿ ಬೇರೆ ಊರಿನಲ್ಲಿ ವಾಸಿಸುವ ಖರ್ಚು, ಇವೆಲ್ಲವನ್ನೂ ಸೇರಿಸಬೇಕು. ನಿದರ್ಶನಕ್ಕಾಗಿ, ವಾರ್ಷಿಕ ಶುಲ್ಕ ರೂ. 60,000 ಹಾಗೂ ಇತರೆ ವೆಚ್ಚ ತಿಂಗಳಿಗೆ ರೂ. 7,000 ಎಂದು ಇಟ್ಟುಕೊಂಡರೆ, 3 ವರ್ಷಕ್ಕೆ ತಗಲುವ ಮೊತ್ತ ರೂ. 1,80,000 ಅಲ್ಲ, ರೂ. 4,32,000.

ಈ ಮೊತ್ತವನ್ನು ಆರಂಭಿಕ ವೇತನದೊಂದಿಗೆ ಹೋಲಿಸಿ ನೋಡಬೇಕು. ಪದವೀಧರರೂ ಸಾಮಾನ್ಯವಾಗಿ ಸಹಾಯಕ ಬಾಣಸಿಗರಾಗಿಯೇ ವೃತ್ತಿ ಆರಂಭಿಸುತ್ತಾರೆ. ಸಾಲ ಬೇಕಿದ್ದಲ್ಲಿ, ಕೋರ್ಸು ಬ್ಯಾಂಕಿನ ಶೈಕ್ಷಣಿಕ ಸಾಲಕ್ಕೆ ಅರ್ಹವೇ ಎಂದು ಶುಲ್ಕ ಪಾವತಿಸುವ ಮುನ್ನವೇ ತಿಳಿದುಕೊಳ್ಳುವುದು. ಮಧ್ಯದಲ್ಲಿ ಬಿಟ್ಟಲ್ಲಿ ಶುಲ್ಕ ವಾಪಸಾತಿಯ ನಿಯಮವೇನು ಎಂಬುದನ್ನೂ ಕೇಳಬೇಕು. ಪಾವತಿಸಿದ ಪ್ರತಿ ಹಣಕ್ಕೂ ರಸೀದಿ ಪಡೆಯತಕ್ಕದ್ದು.

6. ವೃತ್ತಿಯ ಸ್ವರೂಪ

ಈ ವೃತ್ತಿಯಲ್ಲಿ ದೀರ್ಘಕಾಲ ನಿಂತು, ಶಾಖದ ನಡುವೆ ಕೆಲಸ ಮಾಡಬೇಕಾಗುತ್ತದೆ. ಹಬ್ಬ ಹಾಗೂ ರಜಾ ದಿನಗಳಲ್ಲಿಯೇ ಕೆಲಸ ಹೆಚ್ಚು. ರಾತ್ರಿ ಪಾಳಿಯೂ ಸಹಜ. ತರಬೇತಿಯ ಅವಧಿಯಲ್ಲಿ ವಾಹನ ಸೌಲಭ್ಯ ಹಾಗೂ ಸುರಕ್ಷಿತ ವಸತಿ ಇದೆಯೇ ಎಂಬುದನ್ನು, ವಿಶೇಷವಾಗಿ ವಿದ್ಯಾರ್ಥಿನಿಯರ ಪೋಷಕರು, ಮುಂಚಿತವಾಗಿ ವಿಚಾರಿಸಬೇಕು.

ಸಾಮಾನ್ಯ ಪಠ್ಯಕ್ರಮದಲ್ಲಿ ಮಾಂಸ, ಮೀನು ಮತ್ತು ಮೊಟ್ಟೆಯ ಅಡುಗೆಯೂ ಸೇರಿರುತ್ತದೆ. ಸಸ್ಯಾಹಾರಿ ಕುಟುಂಬದವರು ಈ ಕುರಿತು ಮನೆಯಲ್ಲಿ ಮೊದಲೇ ಚರ್ಚಿಸುವುದು ಒಳಿತು. ಐ.ಟಿ.ಐ. ವೃತ್ತಿಗಳ ಪಟ್ಟಿಯಲ್ಲಿ ಫುಡ್ ಪ್ರೊಡಕ್ಷನ್ (ವೆಜಿಟೇರಿಯನ್) ಎಂಬ ಪ್ರತ್ಯೇಕ ವೃತ್ತಿಯೂ ಇದ್ದು, ಅದು ಹತ್ತಿರದ ಸಂಸ್ಥೆಯಲ್ಲಿ ಇದೆಯೇ ಎಂದು ವಿಚಾರಿಸಬಹುದು.

7. ಸಲಹೆ

ಸಂಶಯವಿದ್ದಲ್ಲಿ ಹತ್ತಿರದ ಸರ್ಕಾರಿ ಐ.ಟಿ.ಐ. ಪ್ರಾಚಾರ್ಯರನ್ನು ಅಥವಾ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಸಂಪರ್ಕಿಸಿ ಮಾಹಿತಿ ಪಡೆಯಬಹುದು. ಪ್ರವೇಶದ ದಿನಾಂಕ, ಶುಲ್ಕ ಮತ್ತು ಮೀಸಲಾತಿಯ ವಿವರಗಳು ಪ್ರತಿ ವರ್ಷದ ಅಧಿಸೂಚನೆಯಂತೆ ಬದಲಾಗುವುದರಿಂದ ಆ ಸಾಲಿನ ಅಧಿಸೂಚನೆಯನ್ನೇ ಆಧಾರವಾಗಿ ಪರಿಗಣಿಸತಕ್ಕದ್ದು. ಮಾನ್ಯತೆ, ಅಡುಗೆಮನೆ ಮತ್ತು ಒಟ್ಟು ವೆಚ್ಚ, ಈ ಮೂರೂ ಸಮಾಧಾನಕರವಾಗಿ ಕಂಡುಬಂದ ನಂತರವೇ ಶುಲ್ಕ ಪಾವತಿಸುವಂತೆ ವಿದ್ಯಾರ್ಥಿಗಳಿಗೆ ಹಾಗೂ ಪೋಷಕರಿಗೆ ಸಲಹೆ ನೀಡಲಾಗಿದೆ.