ತಟ್ಟೆಯಿಂದ ವೋಲ್ಟೇಜಿಗೆ: ಗ್ರೇ ಸಂಕೇತದ ಕಥೆ

ಯಂತ್ರದ ಶಾಫ್ಟ್ ಎಷ್ಟು ಡಿಗ್ರಿ ತಿರುಗಿದೆ ಎಂಬುದನ್ನು ಅಂಕೆಗಳಲ್ಲಿ ತಿಳಿಸುವ ಸಾಧನವೇ ರೋಟರಿ ಎನ್‌ಕೋಡರ್. ಆ ಅಂಕೆಗಳನ್ನು ಅನಲಾಗ್ ವೋಲ್ಟೇಜಿಗೆ ಪರಿವರ್ತಿಸಿದರೆ ವೋಲ್ಟ್‌ಮೀಟರಿನ ಮುಳ್ಳೇ ಕೋನವನ್ನು ತೋರಿಸುತ್ತದೆ. ಆದರೆ ಇದರಲ್ಲೊಂದು ತೊಡಕಿದೆ. ಅದನ್ನು ಬಿಡಿಸಿದ ಉಪಾಯ ಹುಟ್ಟಿದ್ದು ಬೇರೊಂದು ಕ್ಷೇತ್ರದಲ್ಲಿ.

ನಾಲ್ಕು ಬಿಟ್‌ಗಳ ಎನ್‌ಕೋಡರನ್ನು ಗಮನಿಸಿ. ಅದರ ತಟ್ಟೆಯಲ್ಲಿ ನಾಲ್ಕು ಏಕಕೇಂದ್ರೀಯ ಪಟ್ಟಿಗಳಿವೆ. ಪ್ರತಿ ಪಟ್ಟಿಯಲ್ಲೂ ಬೆಳಕನ್ನು ಬಿಡುವ ಮತ್ತು ತಡೆಯುವ ಭಾಗಗಳಿವೆ. ಹೀಗೆ ಒಂದು ಸುತ್ತನ್ನು 22.5 ಡಿಗ್ರಿಯ 16 ಭಾಗಗಳಾಗಿ ಗುರುತಿಸಬಹುದು. ಸಾಮಾನ್ಯ ದ್ವಿಮಾನ ಪದ್ಧತಿಯಲ್ಲಿ 7 ಎಂದರೆ 0111, 8 ಎಂದರೆ 1000. ಈ ಗಡಿ ದಾಟುವಾಗ ನಾಲ್ಕೂ ಬಿಟ್‌ಗಳು ಒಟ್ಟಿಗೇ ಬದಲಾಗಬೇಕು. ಬೆಳಕಿನ ಸಂವೇದಕಗಳ ಜೋಡಣೆ ಅಷ್ಟೊಂದು ಕರಾರುವಾಕ್ಕಾಗಿರಲು ಸಾಧ್ಯವಿಲ್ಲ. ಎಡತುದಿಯ ಬಿಟ್ ಕ್ಷಣಕಾಲ ಮೊದಲೇ ಬದಲಾದರೆ ನಮಗೆ ಸಿಗುವುದು 1111, ಅಂದರೆ 15! ಸುಮಾರು ಅರ್ಧ ಸುತ್ತಿನಷ್ಟು ತಪ್ಪು.

ಅಮೆರಿಕದ ಬೆಲ್ ಪ್ರಯೋಗಾಲಯದ ಭೌತವಿಜ್ಞಾನಿ ಫ್ರಾಂಕ್ ಗ್ರೇ ಇಂಥದೇ ತೊಡಕನ್ನು ಎದುರಿಸಿದ್ದು ಸಂಪರ್ಕ ತಂತ್ರಜ್ಞಾನದಲ್ಲಿ. ಧ್ವನಿ ಸಂಜ್ಞೆಯನ್ನು ಅಂಕೆಗಳಾಗಿಸುವ ನಿರ್ವಾತ ಕೊಳವೆಯಲ್ಲಿ, ಎಲೆಕ್ಟ್ರಾನ್ ದೂಲವು ರಂಧ್ರಗಳ ಗಡಿಯಲ್ಲಿ ಬಿದ್ದಾಗ ಸಂಕೇತ ಕೆಡುತ್ತಿತ್ತು. 1947ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1953ರಲ್ಲಿ ಅದು ದೊರೆಯಿತು. ಅವರ ಸಂಕೇತದಲ್ಲಿ ಅಕ್ಕಪಕ್ಕದ ಸಂಖ್ಯೆಗಳ ನಡುವೆ ಒಂದೇ ಬಿಟ್ ವ್ಯತ್ಯಾಸ: 7ಕ್ಕೆ 0100, 8ಕ್ಕೆ 1100. ಗಡಿಯಲ್ಲಿ ಓದಿದರೂ 7 ಅಥವಾ 8, ಬೇರೇನೂ ಅಲ್ಲ. ಫ್ರಾನ್ಸಿನ ಎಮಿಲ್ ಬೋದೊ 1870ರ ದಶಕದಲ್ಲೇ ತಂತಿ ಸಂದೇಶಗಳಲ್ಲಿ ಇಂಥ ಕ್ರಮವನ್ನು ಬಳಸಿದ್ದರು. ಆದರೂ ಹೆಸರು ಉಳಿದದ್ದು ಗ್ರೇ ಅವರದು.

ಈ ಅನುಕೂಲಕ್ಕೆ ಬೆಲೆ ತೆರಬೇಕು. ಅಂಕೆಗಳನ್ನು ವೋಲ್ಟೇಜ್ ಮಾಡುವ ರೋಧಕಗಳ ಏಣಿಜಾಲದಲ್ಲಿ ಪ್ರತಿ ಬಿಟ್‌ಗೂ ನಿಶ್ಚಿತ ತೂಕವಿದೆ. ಆಧಾರ ವೋಲ್ಟೇಜ್ 8 ಆದರೆ ಎಡದಿಂದ ಅವು 4, 2, 1 ಮತ್ತು 0.5 ವೋಲ್ಟ್. ದ್ವಿಮಾನದ 7ಕ್ಕೆ 3.5, 8ಕ್ಕೆ 4 ವೋಲ್ಟ್ ಸರಿಯಾಗಿಯೇ ಬರುತ್ತದೆ. ಗ್ರೇ ಸಂಕೇತವನ್ನು ನೇರವಾಗಿ ಕೊಟ್ಟರೋ? 0100ಕ್ಕೆ 2 ವೋಲ್ಟ್, 1100ಕ್ಕೆ 6 ವೋಲ್ಟ್! ಗ್ರೇ ಸಂಕೇತದ ಬಿಟ್‌ಗಳಿಗೆ ಇಂಥ ಸ್ಥಾನಬೆಲೆ ಇಲ್ಲದಿರುವುದೇ ಕಾರಣ.

ಆದ್ದರಿಂದ ತಟ್ಟೆಗೂ ಏಣಿಜಾಲಕ್ಕೂ ನಡುವೆ ಮೂರು 'ಎಕ್ಸ್‌ಕ್ಲೂಸಿವ್ ಆರ್' ದ್ವಾರಗಳು ಬೇಕು. ಎಡತುದಿಯ ಬಿಟ್ ಹಾಗೆಯೇ ಉಳಿಯುತ್ತದೆ. ಮುಂದಿನ ಪ್ರತಿ ಗ್ರೇ ಬಿಟ್‌ಅನ್ನು ಆಗತಾನೇ ದೊರೆತ ದ್ವಿಮಾನ ಬಿಟ್‌ನೊಂದಿಗೆ ಹೋಲಿಸಿ: ಎರಡೂ ಒಂದೇ ಆದರೆ 0, ಬೇರೆಯಾದರೆ 1. ಆಗ 1100 ಎಂಬುದು 1000 ಆಗುತ್ತದೆ. ಓದುವುದಕ್ಕೆ ಒಂದು ಸಂಕೇತ, ತೂಗುವುದಕ್ಕೆ ಇನ್ನೊಂದು.

ತಟ್ಟೆ ಗ್ರೇ ಸಂಕೇತದಲ್ಲಿ 0111 ಎಂದು ತೋರಿಸಿದರೆ ಮೀಟರ್ ಎಷ್ಟು ವೋಲ್ಟ್ ತೋರಿಸಬೇಕು? ನಿಮ್ಮ ಉತ್ತರ 2.5 ವೋಲ್ಟ್ ಆಗಿದ್ದರೆ ವಿಧಾನ ನಿಮಗೆ ತಿಳಿದಂತೆ.