ಬಳ್ಳಾರಿಯ ಬೇಸಗೆಯೂ ಗಣಕದ ತಾಪವೂ
1978ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 8086 ಎಂಬ ಪ್ರೊಸೆಸರು ತನ್ನ ಅಲ್ಪತಾಪವನ್ನು ಸುತ್ತಲಿನ ಗಾಳಿಗೇ ಒಪ್ಪಿಸಿ ಸುಮ್ಮನಿರುತ್ತಿದ್ದಿತು. 1993ರ ಪೆಂಟಿಯಂ ಫ್ಯಾನನ್ನು ಬೇಡಿತು. 2004ರಲ್ಲಿ ಅದೇ ಸಂಸ್ಥೆಯು ತಂದ ಪ್ರೆಸ್ಕಾಟ್ ಎಂಬ ಪೀಳಿಗೆಯ ಕೆಲವು ಪ್ರೊಸೆಸರುಗಳು ನೂರು ವ್ಯಾಟ್‌ಗೂ ಮಿಗಿಲಾದ ಉಷ್ಣವನ್ನು ಕಾರಿದುವು.

ಈ ಚರಿತ್ರೆಯ ಉತ್ತರಾರ್ಧವನ್ನು ಬಳ್ಳಾರಿಯಂಥ ಊರಿನಲ್ಲಿಯೇ ಓದತಕ್ಕದ್ದು. ದಪ್ಪ ಮಣ್ಣಿನ ಮಾಳಿಗೆಯಿಂದ ಬಿಸಿಲನ್ನು ತಡೆದ ಹಿರಿಯರ ನಾಡಿನಲ್ಲಿ, ಬೇಸಗೆಯ ಉಷ್ಣಾಂಶವು ನಲವತ್ತು ಡಿಗ್ರಿಯನ್ನು ದಾಟಿದಾಗ, ಫ್ಯಾನು ಎಷ್ಟೇ ವೇಗವಾಗಿ ತಿರುಗಿದರೂ ಕೋಣೆಯ ಗಾಳಿಗಿಂತ ತಂಪನ್ನು ಕೊಡಲಾರದು. ಇದಲ್ಲದೆ, ಈ ಶತಮಾನದ ಮೊದಲ ದಶಕದಲ್ಲಿ ಸಂಡೂರಿನ ಬೆಟ್ಟಗಳಿಂದ ಅದಿರಿನ ಲಾರಿಗಳು ಎಡೆಬಿಡದೆ ಹರಿದಾಗ ಎದ್ದ ಕೆಂಧೂಳು ಎಲೆಗಳನ್ನೂ ಮನೆಗಳನ್ನೂ ಬಿಡಲಿಲ್ಲ. ಪ್ರೊಸೆಸರಿನ ಮೇಲೆ ಕೂರುವ ಕೂಲರಿನ ಲೋಹದ ರೆಕ್ಕೆಗಳ ಸಂದಿಯಲ್ಲಿ ಅಂಥ ಧೂಳು ಕಂಬಳಿಯಂತೆ ಕವಿದೊಡನೆ, ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುವುದು, ಗಣಕದಲ್ಲಿ ಆಡುವ ಆಟ ತಡವರಿಸುವುದು.

ಮನೆಯಲ್ಲಿಯೇ ಯಂತ್ರವನ್ನು ಜೋಡಿಸಿಕೊಂಡ ತರುಣರು ಮಾಡಬೇಕಾದ ಚಿಕಿತ್ಸೆ ಸರಳವಾದರೂ ಶ್ರದ್ಧೆಯನ್ನು ಬೇಡುವಂಥದು: ಕೂಲರನ್ನು ಬಿಚ್ಚಿ, ರೆಕ್ಕೆಗಳನ್ನು ಬ್ರಷ್ಷಿನಿಂದ ಬಿಡಿಸಿ, ಪ್ರೊಸೆಸರಿನ ತಾಪವನ್ನು ಕೂಲರಿಗೆ ದಾಟಿಸುವ, ಒಣಗಿ ಬಿರಿದ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ಸಿರುಗುಪ್ಪದ ಭತ್ತದ ಕಾಳಿನಷ್ಟು ಹೊಸ ಪೇಸ್ಟನ್ನು ಪ್ರೊಸೆಸರಿನ ಮೇಲಿಟ್ಟು, ತಿರುಪುಗಳನ್ನು ಕರ್ಣಾನುಸಾರವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಗಣಕದ ಪೆಟ್ಟಿಗೆಯ ಹಿಂಬದಿಯಿಂದ ಬಿಸಿಗಾಳಿ ಹೊರಹೋಗುವಂತೆ ಅದನ್ನು ಗೋಡೆಯಿಂದ ಗೇಣುದೂರ ಸರಿಸಬೇಕು.